ಜರ್ಮನಿಯಲ್ಲಿ ಮೊದಲ ಮೂರು ತಿಂಗಳು: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಹೊರಟವರು ಯಾವ ಕೆಲಸ ಮೊದಲು ಮಾಡಬೇಕು?

ವೀಸಾ ಬಂತು, ಟಿಕೆಟ್ ಆಯಿತು. ಅಲ್ಲಿ ಇಳಿದ ಮೇಲೆ ಮೊದಲು ಯಾವ ಆಫೀಸಿಗೆ ಹೋಗಬೇಕು? ಓದಲು, ನರ್ಸಿಂಗ್ ಕೆಲಸಕ್ಕೆ, ಎಂಜಿನಿಯರ್ ಆಗಿ ನಮ್ಮ ಮೂರು ಜಿಲ್ಲೆಗಳಿಂದ ಜರ್ಮನಿಗೆ ಹೊರಟವರೂ ಅವರ ಅಪ್ಪ ಅಮ್ಮಂದಿರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ವೀಸಾ ಕೊಡಿಸುವ ಏಜೆನ್ಸಿಗಳು ಊರಿಗೆ ಹತ್ತಿವೆ. ಇಳಿದ ಮರುದಿನ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಹಾಗಾಗಿ ವೀಸಾದ ವಿಷಯ ಇಲ್ಲಿಲ್ಲ, ಅದರ ನಂತರದ್ದು ಮಾತ್ರ ಇದೆ.

ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ನಮ್ಮಲ್ಲಿ ಸಿಮ್ಮಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಆಧಾರ್ ಕೇಳುವ ಹಾಗೆ ಅಲ್ಲಿ ಎಲ್ಲರೂ ಕೇಳುವುದು ವಿಳಾಸ ನೋಂದಣಿಯ ಕಾಗದ. ಆ ನೋಂದಣಿಗೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ತೆರಿಗೆ ಸಂಖ್ಯೆ, ಸರಿಯಾದ ಸಂಬಳ, ರೆಸಿಡೆನ್ಸ್ ಪರ್ಮಿಟ್ ಎಲ್ಲಕ್ಕೂ ಅದು ಬೇಕು. ಅದನ್ನು ಮಾಡಿಸಲು ಮನೆ ಮಾಲೀಕರ ಸಹಿ ಬೇಕು. ಆದ್ದರಿಂದ ಮನೆ ನೋಡುವಾಗ ಬಾಡಿಗೆ ಎಷ್ಟೆಂದು ಕೇಳುವುದಕ್ಕೂ ಮೊದಲು ‘ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಲು ಸಹಿ ಕೊಡುತ್ತೀರಾ?’ ಎಂದು ಕೇಳಿ. ಇಲ್ಲ ಎಂದರೆ ಆ ಮನೆ ಎಷ್ಟು ಅಗ್ಗವಿದ್ದರೂ ಬಿಡಿ.

1. ಊರಲ್ಲೇ ಮುಗಿಸಬೇಕಾದ ಕಾಗದಗಳು

ಹೆಸರಿನಿಂದ ಶುರು ಮಾಡಿ. ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಹೀಗೆ ಮೂರು ಕಡೆ ಮೂರು ರೀತಿ ಇರುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿನ ಪ್ರತಿ ಫಾರ್ಮಿನಲ್ಲೂ ಹೆಸರು, ಮನೆತನದ ಹೆಸರು ಎಂದು ಎರಡು ಖಾನೆ ಇರುತ್ತವೆ. ಪಾಸ್‌ಪೋರ್ಟಿನ ಸರ್‌ನೇಮ್ ಖಾಲಿ ಇದ್ದರೆ ಒಂದು ಕಚೇರಿ ಒಂದು ಥರ, ಇನ್ನೊಂದು ಕಚೇರಿ ಇನ್ನೊಂದು ಥರ ಬರೆದುಕೊಳ್ಳುತ್ತದೆ. ಆಮೇಲೆ ಬ್ಯಾಂಕಿನವರು, ಇನ್ಶೂರೆನ್ಸ್‌ನವರು ‘ಇವರಿಬ್ಬರೂ ಒಬ್ಬರೇನಾ?’ ಎಂದು ಕೇಳುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಖಾನೆ ತುಂಬಿಸಿಕೊಳ್ಳಿ. ವೀಸಾ ಅಂಟಿಸಿದ ಮೇಲೆ ತಿದ್ದುಪಡಿಗೆ ಕೈ ಹಾಕಬೇಡಿ.

ಜನನ ಪ್ರಮಾಣಪತ್ರದಲ್ಲಿ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದವರ ಬಳಿ ಶಾಲೆಯ ಟಿಸಿ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ. ಅಲ್ಲಿ ಟಿಸಿ ನಡೆಯುವುದಿಲ್ಲ. ತಡವಾಗಿ ಜನನ ನೋಂದಣಿ ಮಾಡಿಸಲು ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ವೀಸಾ ಯೋಚನೆ ಬಂದ ದಿನವೇ ಶುರು ಮಾಡಿ. ಕೈಬರಹದ ಹಳೆಯ ಕನ್ನಡ ಪ್ರತಿ ಇದ್ದರೆ, ಕನ್ನಡ–ಇಂಗ್ಲಿಷ್ ಎರಡೂ ಇರುವ ಹೊಸ ಇ-ಜನ್ಮ ಪ್ರತಿ ತೆಗೆಸಿ. ಜರ್ಮನ್ ಕಚೇರಿಗಳು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರ ಅನುವಾದ ಕೇಳುತ್ತವೆ. ಕನ್ನಡದಿಂದ ಜರ್ಮನ್‌ಗೆ ಮಾಡುವ ಅಂಥವರು ಬಹಳ ಕಡಿಮೆ, ಇಂಗ್ಲಿಷಿನಿಂದ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಮದುವೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿರಬೇಕು. ಲಗ್ನಪತ್ರಿಕೆ, ದೇವಸ್ಥಾನದ ರಸೀದಿ ಯಾವುದೂ ಸಾಲದು.

ಅಪೋಸ್ಟಿಲ್ ಎಂಬ ಮುದ್ರೆಯ ಬಗ್ಗೆ ಒಂದು ಎಚ್ಚರಿಕೆ. ಇದು ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೆಯಲಿ ಎಂದು ಹಾಕಿಸುವ ದೃಢೀಕರಣ. ಭಾರತ 2005ರಲ್ಲಿ ಈ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ದಾಖಲಿಸಿತು. ಹಾಗಾಗಿ ‘ಎಲ್ಲ ಸರ್ಟಿಫಿಕೇಟಿಗೂ ಅಪೋಸ್ಟಿಲ್ ಮಾಡಿಸಿಕೊಡ್ತೀವಿ’ ಎನ್ನುವ ಏಜೆಂಟರಿಗೆ ದುಡ್ಡು ಕೊಡುವ ಮುನ್ನ, ಅಲ್ಲಿನ ಕಚೇರಿಗೆ ಇಮೇಲ್ ಮಾಡಿ ಅದು ಬೇಕೋ ಬೇಡವೋ ಎಂದು ಬರವಣಿಗೆಯಲ್ಲಿ ಕೇಳಿ.

ಹೊಲ ಇರುವವರು ಹೊರಡುವ ಮುನ್ನ ಉಪನೋಂದಣಿ ಕಚೇರಿಯಲ್ಲಿ ಮನೆಯವರ ಹೆಸರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಮಾಡುವ ಅಧಿಕಾರಪತ್ರ, ಮಾಡಿಸಿ. ಪಹಣಿ ತಿದ್ದುಪಡಿ, ಪಾಲುಪಟ್ಟಿ, ಬೆಳೆಸಾಲ ಯಾವುದಕ್ಕಾದರೂ ನಿಮ್ಮ ಸಹಿ ಬೇಕಾದೀತು. ಇದನ್ನು ಬಿಟ್ಟು ಹೋದರೆ ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್ ಅಥವಾ ಹ್ಯಾಂಬರ್ಗ್‌ನ ಭಾರತೀಯ ಕಚೇರಿಗೆ ಖುದ್ದಾಗಿ ಹೋಗಿ ದೃಢೀಕರಿಸಿ, ಊರಿಗೆ ಕಳಿಸಿ, ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕಾಗುತ್ತದೆ. ಎಲ್ಲದಕ್ಕೂ ಅಧಿಕಾರ ಕೊಡಬೇಡಿ. ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ನಮೂದಿಸಿ, ಮಾರುವ ಅಧಿಕಾರ ಕೊಡುವುದಿಲ್ಲ ಎಂದಿದ್ದರೆ ಹಾಗೆಂದು ಸ್ಪಷ್ಟವಾಗಿ ಬರೆಸಿ.

ಇಲ್ಲಿನ ಮೊಬೈಲ್ ನಂಬರನ್ನು ರದ್ದು ಮಾಡಬೇಡಿ. ಬ್ಯಾಂಕು, ಪ್ಯಾನ್, ಆಧಾರ್ ಎಲ್ಲದರ ಒಟಿಪಿ ಅದಕ್ಕೇ ಬರುತ್ತದೆ. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನು ಇಲ್ಲೇ ಆನ್ ಮಾಡಿಸಿ, ಕಾಲಕಾಲಕ್ಕೆ ರೀಚಾರ್ಜ್ ಮಾಡಲು ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ಕೆಲಸಕ್ಕೆಂದು ಹೋದವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ವಿದೇಶದಲ್ಲಿ ನೆಲೆಸಿದವರ ಖಾತೆಯಾಗಿ, ಬದಲಿಸಬೇಕು, ಅದು ನಿಯಮ.

2. ಸೂಟ್‌ಕೇಸಿನಲ್ಲಿ ಏನಿರಲಿ, ಏನು ಬೇಡ

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಂದರೆ ಅಮ್ಮ ಕಾಯಿಸಿಕೊಟ್ಟ ತುಪ್ಪ, ಪೇಡಾ, ಖೋವಾ ಯಾವುದೂ ಆಗದು. ಹಸಿ ಕರಿಬೇವು, ಮಾವಿನಹಣ್ಣು, ಹಸಿ ಮೆಣಸಿನಕಾಯಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು; ಅದಿಲ್ಲದೆ ತಂದರೆ ಕಸ್ಟಮ್ಸ್‌ನಲ್ಲಿ ಎಸೆಯುತ್ತಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಒಣಗಿಸಿದ ಕರಿಬೇವು, ಖಾರದಪುಡಿ, ಮಸಾಲೆಗಳಿಗೆ ತೊಂದರೆ ಇಲ್ಲ. ಪ್ಯಾಕೆಟಿನ ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆದು ಅಂಟಿಸಿ. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಮಾತ್ರ ಮುರಿಯದೆ ತಲುಪುತ್ತದೆ. ಮೊದಲ ವಾರ ಅಡುಗೆಗೆ ಜಾಗವೇ ಸಿಗದಿದ್ದಾಗ ಇವೇ ಊಟ.

ಮಿಕ್ಸರ್ ಒಯ್ಯಬಹುದು, ಅಲ್ಲಿಯೂ 230 ವೋಲ್ಟ್, 50 ಹರ್ಟ್ಜ್ ಕರೆಂಟೇ. ಆದರೆ ನಮ್ಮ ದುಂಡನೆಯ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರ್ ಬೇಕು. ಫೋನ್ ಚಾರ್ಜರಿಗೆಂದು ಮಾರುವ ತೆಳ್ಳನೆಯ ಅಡಾಪ್ಟರಿಗೆ 750 ವಾಟ್ಸ್ ಮಿಕ್ಸರ್ ಹಾಕಿದರೆ ಬಿಸಿಯಾಗಿ ಕರಗಬಹುದು. ಕುಕ್ಕರ್ ಒಯ್ಯುವವರು ಅದರ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಇಂಡಕ್ಷನ್ ಒಲೆಯಲ್ಲೂ ನಡೆಯುತ್ತದೆ, ಅಂಟದಿದ್ದರೆ ನಡೆಯುವುದಿಲ್ಲ. ಬರೀ ಅಲ್ಯುಮಿನಿಯಂ ಕುಕ್ಕರ್ ಅಂಟುವುದಿಲ್ಲ. ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಹೆಚ್ಚಿಗೆ ಇರಲಿ. ಕಬ್ಬಿಣದ ರೊಟ್ಟಿ ಹಂಚು ಯಾವ ಒಲೆಗಾದರೂ ಆಗುತ್ತದೆ, ಆದರೆ ತಳ ಸಪಾಟಾಗಿರಬೇಕು.

ಬೆಚ್ಚನೆ ಬಟ್ಟೆಯನ್ನು ಇಲ್ಲಿ ರಾಶಿ ಖರೀದಿಸಬೇಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಜಾಕೆಟ್ ಬೆಂಗಳೂರಿನ ಚಳಿಗೆ ಸಾಕು, ಅಲ್ಲಿನ ಜನವರಿಗೆ ಸಾಲದು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಳಿಯುವವರು ವಿಮಾನ ನಿಲ್ದಾಣದಿಂದ ಮನೆ ತಲುಪಲು ಸಾಕಾಗುವಷ್ಟು ಒಯ್ದು, ಉಳಿದದ್ದನ್ನು ಅಲ್ಲೇ ಕೊಳ್ಳಿ. ಮೊದಲು ಕೊಳ್ಳಬೇಕಾದ್ದು ನೀರು ಇಳಿಯದ ಶೂ.

3. ಮನೆ

ಲೆಕ್ಕದ ಪದಗಳು ಮೊದಲು. ‘ಕಾಲ್ಟ್‌ಮೀಟೆ’ ಎಂದರೆ ಬರೀ ಬಾಡಿಗೆ. ಅದಕ್ಕೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿದರೆ ‘ವಾರ್ಮ್‌ಮೀಟೆ’. ಕರೆಂಟ್ ಮತ್ತು ಇಂಟರ್ನೆಟ್ ಹೆಚ್ಚಾಗಿ ಇವೆರಡರ ಹೊರಗೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಕಾಲ್ಟ್‌ಮೀಟೆ. ನೀವು ತಿಂಗಳಿಗೆ ಕಟ್ಟುವುದು ಅದಲ್ಲ. ‘ಎರಡು ಕೋಣೆಯ ಮನೆ’ ಎಂದರೆ ಹಾಲ್ ಸೇರಿ ಎರಡು, ಅಂದರೆ ನಮ್ಮ ಒಂದು ಬಿಎಚ್‌ಕೆ. ಅಡುಗೆಮನೆ ಅಂದರೆ ಗೋಡೆಯಲ್ಲಿ ನಲ್ಲಿಯ ಪೈಪು ಮಾತ್ರ ಇರುವ ಖಾಲಿ ಕೋಣೆ ಆಗಿರಬಹುದು, ಸಿಂಕ್ ಕೂಡ ಇರದೆ. ‘ಐನ್‌ಬೌಕ್ಯೂಷೆ’ ಎಂದು ಬರೆದಿದ್ದರೆ ಮಾತ್ರ ಒಲೆ, ಸಿಂಕ್, ಕಪಾಟು ಜೋಡಿಸಿದ ಅಡುಗೆಮನೆ ಇದೆ ಎಂದರ್ಥ.

ಅಡ್ವಾನ್ಸಿಗೆ ‘ಕೌಟ್ಸಿಯೋನ್’ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಕಾಲ್ಟ್‌ಮೀಟೆ 600 ಯೂರೋ ಇದ್ದರೆ ಹೆಚ್ಚೆಂದರೆ 1,800 ಯೂರೋ. ಬಾಡಿಗೆ ಶುರುವಾದಾಗ 600, ಮುಂದಿನ ಎರಡು ತಿಂಗಳು 600ರಂತೆ. ಇದು ತಿಳಿಯದೆ ಊರಿಂದ ಸಾಲ ತಂದು ಒಂದೇ ಸಲ ಕಟ್ಟುವವರು ಬಹಳ.

ಮೋಸ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಫೋಟೋ, ಕಡಿಮೆ ಬಾಡಿಗೆ, ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, ಅಡ್ವಾನ್ಸ್ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಕೀಲಿ ಬರುವುದಿಲ್ಲ. ನೀವಾಗಲಿ ನಿಮ್ಮ ಪರವಾಗಿ ಒಬ್ಬರಾಗಲಿ ಒಳಗೆ ಹೋಗಿ ನೋಡದ ಮನೆಗೆ ಒಂದು ಯೂರೋ ಕೂಡ ಹಾಕಬೇಡಿ. ಊರಿಂದಲೇ ಮನೆ ಗೊತ್ತು ಮಾಡುವುದಾದರೆ ಯೂನಿವರ್ಸಿಟಿ ಹಾಸ್ಟೆಲ್ ಅಥವಾ ಕೆಲಸ ಕೊಟ್ಟವರ ವಸತಿಯನ್ನು ಕೇಳಿ. ಅದು ಸಿಗದಿದ್ದರೆ ನೋಂದಣಿಗೆ ಸಹಿ ಕೊಡುವ ತಾತ್ಕಾಲಿಕ ಕೋಣೆ ಹಿಡಿದು, ಖಾಯಂ ಮನೆಯನ್ನು ಅಲ್ಲಿಂದಲೇ ಹುಡುಕಿ. ಹೋಟೆಲಿನವರು, ಪ್ರವಾಸಿಗರಿಗೆ ಕೋಣೆ ಕೊಡುವವರು ಸಾಮಾನ್ಯವಾಗಿ ಸಹಿ ಕೊಡುವುದಿಲ್ಲ. ‘ದುಡ್ಡು ಕೊಡಿ, ನಮ್ಮ ವಿಳಾಸ ಹಾಕಿಕೊಳ್ಳಿ’ ಎನ್ನುವವರ ತಂಟೆಗೆ ಹೋಗಬೇಡಿ, ವಾಸ ಮಾಡದ ವಿಳಾಸ ಕೊಡುವುದು ಇಬ್ಬರಿಗೂ ದಂಡ ಬೀಳುವ ತಪ್ಪು.

ಕೀಲಿ ತೆಗೆದುಕೊಳ್ಳುವ ದಿನ ಪ್ರತಿ ಗೋಡೆ, ಪ್ರತಿ ಗೀರು, ಕಿಟಕಿಯ ಹಿಡಿ, ಕರೆಂಟ್ ಮೀಟರ್ ಎಲ್ಲದರ ಫೋಟೋ ತೆಗೆಯಿರಿ. ‘ಯೂಬರ್‌ಗಾಬೆಪ್ರೊಟೊಕೋಲ್’ ಎಂಬ ಹಸ್ತಾಂತರ ಪಟ್ಟಿಯಲ್ಲಿ ಅವೆಲ್ಲ ಬರೆದಿವೆಯೇ ನೋಡಿ ಸಹಿ ಹಾಕಿ. ಬಿಡುವಾಗ ಅಡ್ವಾನ್ಸ್ ವಾಪಸ್ ಬರುವುದು ಈ ಪಟ್ಟಿಯ ಮೇಲೆ. ಮನೆ ಬಿಡಲು ಮೂರು ತಿಂಗಳು ಮೊದಲು ಕಾಗದದ ಮೇಲೆ, ಸಹಿ ಹಾಕಿ ತಿಳಿಸಬೇಕು. ವಾಟ್ಸಾಪ್ ಮೆಸೇಜ್ ಲೆಕ್ಕಕ್ಕಿಲ್ಲ.

4. ಆನ್‌ಮೆಲ್ಡುಂಗ್: ಎರಡು ವಾರದೊಳಗೆ

ಮನೆಗೆ ಹೋದ ಎರಡು ವಾರದೊಳಗೆ ಊರಿನ ‘ಬ್ಯೂರ್ಗರ್‌ಆಮ್ಟ್’ಗೆ, ಅಂದರೆ ನಮ್ಮ ನಗರಸಭೆಯ ಸೇವಾ ಕೇಂದ್ರದಂಥ ಕಚೇರಿಗೆ, ಹೋಗಬೇಕು. ಪಾಸ್‌ಪೋರ್ಟ್, ಭರ್ತಿ ಮಾಡಿದ ಫಾರ್ಮು, ಕುಟುಂಬ ಜೊತೆಗಿದ್ದರೆ ಮದುವೆ ಹಾಗೂ ಜನನ ಪ್ರಮಾಣಪತ್ರ, ಇವುಗಳ ಜೊತೆ ‘ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್’ ಬೇಕು. ಹೆಸರು ಉದ್ದ, ಕಾಗದ ಒಂದೇ ಪುಟ: ಇಂಥವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ ಎಂದು ಮಾಲೀಕರು ಸಹಿ ಹಾಕಿದ್ದು. ಬಾಡಿಗೆ ಕರಾರು ಇದರ ಬದಲಿಗೆ ನಡೆಯುವುದಿಲ್ಲ. ಬಹಳ ಜನ ಕರಾರು ಪತ್ರ ಹಿಡಿದು ಹೋಗಿ, ವಾಪಸ್ ಬಂದು, ಮತ್ತೆ ವಾರಗಟ್ಟಲೆ ಕಾಯುತ್ತಾರೆ.

ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ವಿಳಾಸ ಗೊತ್ತಾದ ಕೂಡಲೇ, ವಿಮಾನ ಹತ್ತುವ ಮೊದಲೇ, ಆನ್‌ಲೈನಿನಲ್ಲಿ ಬುಕ್ ಮಾಡಿ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ರದ್ದಾದ ಜಾಗಗಳು ಕಾಣಿಸಬಹುದು, ಆಗ ನೋಡಿ. ಎರಡು ವಾರ ದಾಟಿದ ದಿನಾಂಕವೇ ಸಿಕ್ಕರೆ ಬುಕ್ ಮಾಡಿದ ದಾಖಲೆಯನ್ನು ಇಟ್ಟುಕೊಳ್ಳಿ.

ಫಾರ್ಮಿನಲ್ಲಿ ಧರ್ಮದ ಖಾನೆ ಇದೆ. ನಮ್ಮವರು ಇದನ್ನು ಜಾತಿ ಪ್ರಮಾಣಪತ್ರದ ಖಾನೆಯಂತೆ ತುಂಬಿಬಿಡುತ್ತಾರೆ. ಅದು ಇರುವುದು ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದರೆ ನಿಮ್ಮ ಆದಾಯ ತೆರಿಗೆಯ ಮೇಲೆ ಶೇ. 9ರಷ್ಟು, ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8ರಷ್ಟು, ಚರ್ಚ್ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ. ಕ್ರೈಸ್ತ ಕುಟುಂಬದವರು ಇದು ತಿಳಿದು ಬರೆಯಿರಿ. ಹಿಂದೂ, ಲಿಂಗಾಯತ, ಮುಸ್ಲಿಂ, ಜೈನರಿಗೆ ಆ ತೆರಿಗೆ ಇಲ್ಲ.

ಮುಗಿದ ಮೇಲೆ ಕೊಡುವ ನೋಂದಣಿ ಕಾಗದವನ್ನು ಅಲ್ಲೇ ನಿಂತು ಓದಿ. ಹೆಸರಿನ ಅಕ್ಷರ, ಹುಟ್ಟಿದ ಊರು ತಪ್ಪಿದ್ದರೆ ಅದೇ ಕಿಟಕಿಯಲ್ಲಿ ತಿದ್ದಿಸಿ. ಬಳ್ಳಾರಿಗೆ ಹೊಸ ಹಳೆಯ ಎರಡು ಇಂಗ್ಲಿಷ್ ಸ್ಪೆಲ್ಲಿಂಗ್ ಇವೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ.

5. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು

ಚಿಕ್ಕದೆಂದು ಇದನ್ನು ಬಿಡಬೇಡಿ. ಅಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ. ಪೋಸ್ಟ್‌ಮನ್ ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಅದರ ಪಿನ್, ಹೆಲ್ತ್ ಕಾರ್ಡ್ ಎಲ್ಲ ಬರುವುದು ಅಂಚೆಯಲ್ಲೇ. ಮೊದಲ ದಿನವೇ ಡಬ್ಬಿ ಮತ್ತು ಕರೆಗಂಟೆ ಎರಡರ ಮೇಲೂ ಹೆಸರು ಅಂಟಿಸಿ. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ವಿಳಾಸದಲ್ಲಿ ‘ಕೇರ್ ಆಫ್’ ಹಾಕಿ ಅವರ ಹೆಸರು ಬರೆಯಿರಿ.

ನೋಂದಣಿಯಾದ ಎರಡು ಮೂರು ವಾರಕ್ಕೆ 11 ಅಂಕಿಯ ತೆರಿಗೆ ಸಂಖ್ಯೆ ಬರುತ್ತದೆ. ಇದನ್ನು ಕೆಲಸದ ಕಡೆ ಕೊಡದಿದ್ದರೆ ಅತಿ ಹೆಚ್ಚು ಕಡಿತವಿರುವ ಆರನೇ ತೆರಿಗೆ ವರ್ಗದಲ್ಲಿ ಸಂಬಳ ಲೆಕ್ಕ ಹಾಕುತ್ತಾರೆ. ಮೊದಲ ಸಂಬಳ ನೋಡಿ ಗಾಬರಿಯಾಗುವವರ ಸಮಸ್ಯೆ ಹೆಚ್ಚಾಗಿ ಇದೇ. ಸಂಖ್ಯೆ ಕೊಟ್ಟ ಮೇಲೆ ಸರಿಯಾಗುತ್ತದೆ, ಹೆಚ್ಚು ಕಡಿತವಾದ ಹಣವೂ ವಾಪಸ್ ಬರುತ್ತದೆ.

ಇನ್ನೊಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ ಕಟ್ಟಿ ಎಂದು. ಇದು ಮೋಸವಲ್ಲ. ‘ರುಂಡ್‌ಫುಂಕ್‌ಬೈಟ್ರಾಗ್’ ಎಂಬ ರೇಡಿಯೊ–ಟಿವಿ ಶುಲ್ಕ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಇದು ತಲೆಗೆ ಅಲ್ಲ, ಮನೆಗೆ. ಒಂದೇ ಮನೆಯಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಅವರ ಸಂಖ್ಯೆ ಬರೆದು ಉತ್ತರಿಸಿ. ಕೋರ್ಟು ಅಥವಾ ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲೆ ಬರೆದ ದಿನಾಂಕದಿಂದಲೇ ಉತ್ತರದ ಗಡುವು ಎಣಿಕೆಯಾಗುತ್ತದೆ.

6. ಹೆಲ್ತ್ ಇನ್ಶೂರೆನ್ಸ್, ಬ್ಯಾಂಕ್

ಇನ್ಶೂರೆನ್ಸ್ ಇಲ್ಲದೆ ಅಲ್ಲಿ ಇರುವಂತಿಲ್ಲ. ಟಿಕೆ, ಎಒಕೆ, ಬಾರ್ಮರ್ ಮುಂತಾದವು ಸಾರ್ವಜನಿಕ ಸಂಸ್ಥೆಗಳು. ಸಂಬಳದವರಿಗೆ ಕಂತು ಸಂಬಳದ ಶೇ. 14.6 ಮತ್ತು ಆಯಾ ಸಂಸ್ಥೆಯ ಹೆಚ್ಚುವರಿ ಪಾಲು. ಅರ್ಧ ಕೆಲಸ ಕೊಟ್ಟವರದು, ಅರ್ಧ ನಿಮ್ಮದು. ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ಕಂತಿನಲ್ಲಿ ಸೇರುತ್ತಾರೆ. ಖಾಸಗಿ ಇನ್ಶೂರೆನ್ಸ್ ಮೊದಲು ಅಗ್ಗವಾಗಿ ಕಾಣುತ್ತದೆ, ಅಲ್ಲಿಂದ ಸಾರ್ವಜನಿಕಕ್ಕೆ ಮರಳುವುದು ಮಾತ್ರ ಬಹಳ ಕಷ್ಟ. ಅಪ್ಪ ಅಮ್ಮ ನೋಡಲು ಬಂದರೆ ನಿಮ್ಮ ಇನ್ಶೂರೆನ್ಸ್ ಅವರಿಗಿಲ್ಲ; ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು.

ವಿದ್ಯಾರ್ಥಿಗಳ ‘ಶ್ಪೆರ್‌ಕೊಂಟೊ’, ಅಂದರೆ ತಿಂಗಳಿಗೆ ಇಷ್ಟೇ ತೆಗೆಯಬಹುದಾದ ತಡೆ ಖಾತೆ, 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992. ಅಲ್ಲಿ ಚಾಲ್ತಿ ಖಾತೆ ತೆರೆದು ಅದರ ನಂಬರ್ ಕೊಡುವವರೆಗೆ ಈ ಹಣ ಕೈಗೆ ಬರುವುದಿಲ್ಲ. ಹಾಗಾಗಿ ಮೊದಲ ಒಂದೂವರೆ ತಿಂಗಳ ಖರ್ಚು ಮತ್ತು ಅಡ್ವಾನ್ಸಿನ ಮೊದಲ ಕಂತು ಫೋರೆಕ್ಸ್ ಕಾರ್ಡಿನಲ್ಲಿ ಬೇರೆ ಇರಲಿ.

ಜ್ವರ, ಕೆಮ್ಮಿಗೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗುವ ಪದ್ಧತಿ ಅಲ್ಲಿಲ್ಲ. ಮೊದಲು ಮನೆ ಹತ್ತಿರದ ‘ಹೌಸ್‌ಆರ್ಟ್ಸ್ಟ್’, ಕುಟುಂಬ ವೈದ್ಯರು. ಆರೋಗ್ಯವಾಗಿರುವಾಗಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಔಷಧದ ಮೂಲ ಹೆಸರಿರುವ ಇಂಗ್ಲಿಷ್ ಚೀಟಿ ಒಯ್ಯಿರಿ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ತಿಳಿಯದು. ಹುಷಾರಿಲ್ಲದ ದಿನ ಕೆಲಸ ಶುರುವಾಗುವ ಮೊದಲೇ ಆಫೀಸಿಗೆ ತಿಳಿಸಬೇಕು.

7. ರೆಸಿಡೆನ್ಸ್ ಪರ್ಮಿಟ್

ಪಾಸ್‌ಪೋರ್ಟಿನಲ್ಲಿರುವ ವೀಸಾ ಒಳಗೆ ಬರಲಿಕ್ಕಷ್ಟೇ. ಅದರ ಅವಧಿ ಮುಗಿಯುವ ಮೊದಲು ‘ಔಸ್‌ಲೆಂಡರ್‌ಬೆಹ್ಯೋರ್ಡೆ’ ಎಂಬ ವಿದೇಶಿಯರ ಕಚೇರಿಗೆ ಅರ್ಜಿ ಸಲ್ಲಿಸಿರಬೇಕು. ಆನ್‌ಮೆಲ್ಡುಂಗ್ ಆದ ವಾರವೇ ಅರ್ಜಿ ಹಾಕಿ. ಕಾರ್ಡ್ ಬರುವುದು ತಡವಾದರೆ ‘ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ತಾತ್ಕಾಲಿಕ ಪತ್ರ ಕೊಡುತ್ತಾರೆ. ತಂಗಿಯ ಮದುವೆ, ಜಾತ್ರೆ ಎಂದು ಊರಿಗೆ ಹೊರಡುವ ಮುನ್ನ ಆ ಪತ್ರದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. 81ನೇ ಕಲಮಿನ 4ನೇ ಉಪಕಲಮು ಎಂದಿದ್ದರೆ ವಾಪಸ್ ಬರಬಹುದು. 3ನೇ ಉಪಕಲಮು ಎಂದಿದ್ದರೆ ಆ ಪತ್ರದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ.

8. ಮನೆಯೊಳಗೆ: ಬೂಸ್ಟು, ರೊಟ್ಟಿ, ಕಸ

ಬೂಸ್ಟು ಹಿಡಿದ ಗೋಡೆಗೆ ಅಡ್ವಾನ್ಸ್ ಕಳೆದುಕೊಳ್ಳುವವರು ಬಹಳ. ನಲವತ್ತು ಡಿಗ್ರಿ ಬಿಸಿಲಲ್ಲಿ ಬೆಳೆದ ನಮಗೆ ಚಳಿಗಾಲದಲ್ಲಿ ಕಿಟಕಿ ತೆರೆಯುವುದು ಹುಚ್ಚುತನ ಅನಿಸುತ್ತದೆ. ಆದರೆ ಅನ್ನದ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ಹೊರಗೋಡೆಯ ತಣ್ಣನೆ ಮೈಗೆ ತಾಗಿ ನೀರಾಗುತ್ತದೆ. ಕೆಲವೇ ವಾರದಲ್ಲಿ ಕಪ್ಪು ಬೂಸ್ಟು. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ಇಡೀ ದಿನ ಓರೆಯಾಗಿ ತೆರೆದಿಡುವುದು ತಪ್ಪು. ಗೋಡೆ ಇನ್ನೂ ತಣ್ಣಗಾಗಿ ಬೂಸ್ಟು ಹೆಚ್ಚುತ್ತದೆ, ಹೀಟಿಂಗ್ ಬಿಲ್ಲೂ ಏರುತ್ತದೆ. ಮಂಚ, ಕಪಾಟನ್ನು ಹೊರಗೋಡೆಗೆ ಒತ್ತಿಡದೆ ಒಂದು ಗೇಣು ಬಿಡಿ. ಒಗ್ಗರಣೆಯ ಹೊಗೆಗೆ ಅಲಾರಂ ಕೂಗುತ್ತದೆ ಎಂದು ಅದರ ಬ್ಯಾಟರಿ ಕಿತ್ತಿಡಬೇಡಿ, ಅಡುಗೆಮನೆ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಇಡೀ ದಿನವೂ ಹಾಗೆಯೇ. ರೊಟ್ಟಿ ಬಡಿಯುವ ಸದ್ದು ಕೆಳಗಿನ ಮನೆಗೆ ಸುತ್ತಿಗೆಯಂತೆ ಕೇಳುತ್ತದೆ. ಕಟ್ಟೆಯ ಮೇಲೆ ದಪ್ಪ ಬಟ್ಟೆ ಮಡಚಿ ಹಾಸಿ ಅದರ ಮೇಲೆ ಹಲಗೆ ಇಡಿ, ಸಂಜೆಯೇ ಬಡಿದು ಮುಗಿಸಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಂತೆ ಮುಗಿಸಿಕೊಳ್ಳಿ.

ಕಸದಲ್ಲಿ ಕಾಗದ, ಹಸಿ ಕಸ, ಪ್ಯಾಕಿಂಗ್, ಉಳಿದದ್ದು ಎಂದು ಬೇರೆ ಬೇರೆ ಡಬ್ಬಿ. ಗಾಜು ಬೀದಿಯ ಕಂಟೇನರಿಗೆ. ನೀರಿನ ಪ್ಲಾಸ್ಟಿಕ್ ಬಾಟಲಿ, ಡಬ್ಬಿ ಪಾನೀಯಗಳ ಬೆಲೆಯಲ್ಲಿ ಒಂದೊಂದಕ್ಕೆ 25 ಸೆಂಟ್ ಠೇವಣಿ ಸೇರಿರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಿರಿ.

9. ಓಡಾಟ, ತುರ್ತು ನಂಬರ್, ಗಡಿಯಾರ

‘ಡಾಯ್ಚ್‌ಲಾಂಡ್‌ಟಿಕೆಟ್’ ಎಂಬ ತಿಂಗಳ ಪಾಸ್ 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ 63 ಯೂರೋ. ದೇಶದ ಎಲ್ಲ ಸಿಟಿ ಬಸ್, ಮೆಟ್ರೊ, ಪ್ಯಾಸೆಂಜರ್ ರೈಲಿಗೆ ನಡೆಯುತ್ತದೆ. ಐಸಿಇ, ಐಸಿ ವೇಗದ ರೈಲಿಗೆ ಇಲ್ಲ. ತಾನಾಗಿಯೇ ಮುಂದುವರಿಯುವ ಪಾಸ್ ಇದು, ಬೇಡವಾದರೆ ತಿಂಗಳ 10ರೊಳಗೆ ರದ್ದು ಮಾಡಿ. ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ ದಂಡ. ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರವಣಿಗೆ ಮತ್ತು ಓಡಿಸುವ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಬರವಣಿಗೆಯದನ್ನು ಇಂಗ್ಲಿಷಿನಲ್ಲಿ ಕೊಡಬಹುದು.

ಆಂಬುಲೆನ್ಸ್ ಮತ್ತು ಬೆಂಕಿಗೆ 112, ಪೊಲೀಸರಿಗೆ 110, ರಾತ್ರಿ ಅಥವಾ ರಜೆಯ ದಿನ ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ 116117. ಈ ಮೂರನ್ನೂ ನಿಮ್ಮ ವಿಳಾಸದ ಜೊತೆ ಕಾಗದದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗಾಬರಿಯಲ್ಲಿ ಬೀದಿಯ ಜರ್ಮನ್ ಹೆಸರು ಬಾಯಿಗೆ ಬರುವುದಿಲ್ಲ.

ಊರಲ್ಲಿರುವವರಿಗೆ: ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ಡಿಸೆಂಬರಿನಲ್ಲಿ ನಮ್ಮ ಬೆಳಗಿನ ಏಳು ಗಂಟೆಗೆ ಅಲ್ಲಿ ನಡುರಾತ್ರಿ ಎರಡೂವರೆ. ಸಂಜೆ ದೀಪ ಹಚ್ಚಿದ ಮೇಲೆ ಫೋನ್ ಮಾಡಿ. ಆಗ ಅಲ್ಲಿ ಮಧ್ಯಾಹ್ನ.